ಎಲ್ಲಾ ಸಿಕ್ತು ಅಂತ ಹೆಂಗೆ ಗೊತ್ತಾಗತ್ತೆ?

ಹೋದ ತಿಂಗಳು ಅಕ್ಕನ ಮಗಳು ನಮ್ಮನೆಗೆ ಬಂದು ನಾಲ್ಕು ದಿನ ಇದ್ಲು. ಆರನೇ ಕ್ಲಾಸು. ಅವಳ ಜೊತೆ ಗಣಿತದ ಹೋಮ್‌ವರ್ಕೂ ಬಂದಿತ್ತು, 84ರ ಎಲ್ಲಾ ಅಪವರ್ತನಗಳನ್ನ ಬರೆಯಿರಿ ಅಂತ, ಅಂದ್ರೆ 84ನ್ನ ಶೇಷ ಉಳಿಯದ ಹಾಗೆ ಭಾಗಿಸೋ ಸಂಖ್ಯೆಗಳು. ಅವಳು ಬರೆದಿದ್ದು 1, 2, 3, 4, 7, 12, 21, 28, 42, 84. ನಾನು ನೋಡಿ ಎರಡು ಬಿಟ್ಟೋಗಿದೆ ಪುಟ್ಟಿ ಅಂದೆ, ಅವಳು ಪೆನ್ಸಿಲ್ ಕಚ್ಕೊಂಡು ಸ್ವಲ್ಪ ಹೊತ್ತು ನೋಡಿ 6 ಅಂದ್ಲು, ಆಮೇಲೆ 14 ಅಂದ್ಲು. ಹಾಂ ಈಗ ಸರಿ ಅಂತ ನಾನು ಎದ್ದು ಹೋಗೋಳು, ಆಗ ಕೇಳಿದ್ಲು, "ಚಿಕ್ಕಮ್ಮ, ಎರಡು ಬಿಟ್ಟಿದೆ ಅಂತ ನೀನು ಹೇಳಿದ್ದಕ್ಕೆ ಹುಡುಕಿದೆ. ನೀನು ಇಲ್ದಿದ್ರೆ ಎಲ್ಲಾ ಸಿಕ್ತು ಅಂತ ಹೆಂಗೆ ಗೊತ್ತಾಗತ್ತೆ?"

ನಾನು ವಾಪಸ್ ಕೂತ್ಕೊಂಡೆ. ಯಾಕಂದ್ರೆ ಅಪವರ್ತನದ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅಂತ ಇದ್ರೆ ಇದೇ, ಮತ್ತೆ ನಾನು ಓದೋವಾಗ ನನಗಂತೂ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ನಾವೆಲ್ಲಾ ಮಾಡ್ತಿದ್ದಿದ್ದು ಒಂದೇ, ಮಗ್ಗೀಲಿ ನೆನಪಿಗೆ ಬಂದಿದ್ದೆಲ್ಲಾ ಬರೆಯೋದು, ಪುಸ್ತಕದ ಹಿಂದೆ ಇರೋ ಉತ್ತರಕ್ಕೆ ತಾಳೆ ನೋಡೋದು, ಕಮ್ಮಿ ಇದ್ರೆ ಮತ್ತೆ ಹುಡುಕೋದು. ಅಂದ್ರೆ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ನಮಗೆ ಹೇಳ್ತಿದ್ದಿದ್ದು ಪುಸ್ತಕ, ಗಣಿತ ಅಲ್ಲ.

ಅವಳಿಗೆ ಮೊದಲು ತೋರಿಸಿದ್ದು ಜೋಡಿ. ಅಪವರ್ತನ ಯಾವತ್ತೂ ಒಂಟಿಯಾಗಿ ಬರಲ್ಲ, 84ಕ್ಕೆ 3 ಭಾಗ ಹೋಗತ್ತೆ ಅಂದ್ರೆ 28 ಸಲ ಹೋಗತ್ತೆ, ಹಂಗಾಗಿ 3 ಸಿಕ್ಕಿದ ಕ್ಷಣಾನೇ 28ನೂ ಸಿಕ್ಕಿದ ಹಾಗೆ. ಹಾಳೆಯ ಎಡಕ್ಕೆ ಚಿಕ್ಕದು, ಬಲಕ್ಕೆ ಅದರ ಜೊತೆಗಾರ. 1ಕ್ಕೆ 84, 2ಕ್ಕೆ 42, 3ಕ್ಕೆ 28, 4ಕ್ಕೆ 21, 5 ಆಗಲ್ಲ, 6ಕ್ಕೆ 14, 7ಕ್ಕೆ 12, 8 ಆಗಲ್ಲ, 9 ಆಗಲ್ಲ. ಅಷ್ಟೇ, ಮುಗೀತು, ಪೆನ್ಸಿಲ್ ಕೆಳಗಿಡು ಅಂದೆ. "10 ನೋಡೋದು ಬೇಡ್ವಾ?" ಬೇಡ. ಯಾಕಂದ್ರೆ ಜೋಡೀಲಿ ಎರಡೂ 10 ಅಥವಾ ಅದಕ್ಕಿಂತ ದೊಡ್ಡದು ಅಂತ ಇಟ್ಕೋ, ಗುಣಿಸಿದ್ರೆ ಕನಿಷ್ಠ 100 ಆಗೋಗತ್ತೆ, ನಮ್ಮ ಸಂಖ್ಯೆ 84 ಅಷ್ಟೇ. ಅಂದ್ಮೇಲೆ ಪ್ರತಿ ಜೋಡೀಲೂ ಒಂದಾದ್ರೂ 9ರ ಒಳಗೇ ಇರಲೇಬೇಕು, 9ರ ತನಕ ಒಂದೂ ಬಿಡದೆ ನೋಡಿದ್ರೆ ಯಾವ ಜೋಡೀನೂ ತಪ್ಪಿಸಿಕೊಳ್ಳೋಕೆ ಆಗಲ್ಲ. 84 ಸಲ ಭಾಗಿಸೋ ಕೆಲಸ 9 ಸಲಕ್ಕೆ ಇಳೀತು, ಅದಕ್ಕಿಂತ ಮುಖ್ಯ, ಎಲ್ಲಾ ಸಿಕ್ತು ಅನ್ನೋದಕ್ಕೆ ಕೈಯಲ್ಲಿ ಒಂದು ಕಾರಣ ಬಂತು. ಇದನ್ನೇ ಪುಸ್ತಕದ ಭಾಷೇಲಿ ವರ್ಗಮೂಲದ ತನಕ ನೋಡಿದ್ರೆ ಸಾಕು ಅಂತಾರೆ, ಆದ್ರೆ ವರ್ಗಮೂಲ ಅನ್ನೋ ಪದ ಗೊತ್ತಿಲ್ಲದ ಮಗೂಗೂ ಇದು ಪೂರ್ತಿ ಅರ್ಥ ಆಗತ್ತೆ, ನಾನೇ ಕಣ್ಣಾರೆ ನೋಡಿದೆ.

ಅವಳು ತಕ್ಷಣ 36 ತಗೊಂಡು ಮಾಡಿದ್ಲು. 1 ಮತ್ತೆ 36, 2 ಮತ್ತೆ 18, 3 ಮತ್ತೆ 12, 4 ಮತ್ತೆ 9, ಆಮೇಲೆ 6 ಮತ್ತೆ... 6. "ಇದು ತನಗೆ ತಾನೇ ಜೋಡಿ" ಅಂದ್ಲು. ಹಾಗಾಗಿ 36ಕ್ಕೆ ಒಟ್ಟು 9 ಅಪವರ್ತನ, ಬೆಸ ಸಂಖ್ಯೆ. ಪೂರ್ಣ ವರ್ಗಗಳಿಗೆ ಮಾತ್ರ ಹೀಗಾಗೋದು, ಮಿಕ್ಕ ಎಲ್ಲಾ ಸಂಖ್ಯೆಗೂ ಅಪವರ್ತನಗಳು ಸಮ ಸಂಖ್ಯೇಲೇ ಇರತ್ವೆ ಯಾಕಂದ್ರೆ ಅಲ್ಲಿ ಎಲ್ಲರಿಗೂ ಬೇರೆ ಜೊತೆಗಾರ ಇದ್ದಾನೆ. ನೂರು ಬಲ್ಬಿನ ಒಗಟು ಕೇಳಿರ್ತೀರಿ, ಎಲ್ಲಾ ಬಲ್ಬೂ ಆರಿರೋವಾಗ ನೂರು ಜನ ಒಬ್ಬರಾದ ಮೇಲೆ ಒಬ್ಬರು ಬಂದು, ಮೊದಲನೆಯವರು ಎಲ್ಲಾ ಸ್ವಿಚ್ಚು, ಎರಡನೆಯವರು ಎರಡರ ಮಗ್ಗೀದು, ಮೂರನೆಯವರು ಮೂರರ ಮಗ್ಗೀದು ಅಂತ ಒತ್ತಿಕೊಂಡು ಹೋದ್ರೆ ಕೊನೆಗೆ ಎಷ್ಟು ಉರೀತಿರತ್ತೆ ಅಂತ. ಉತ್ತರ 10, ಆ ಹತ್ತೂ 1, 4, 9, 16 ಅಂತ ಹೋಗಿ 100ರ ತನಕ ಇರೋ ವರ್ಗಗಳು, ಕಾರಣ ಇದೇ ಒಂಟಿ ಜೊತೆಗಾರ, ಎಷ್ಟು ಅಪವರ್ತನ ಇದ್ಯೋ ಅಷ್ಟು ಸಲ ಸ್ವಿಚ್ಚು ಒತ್ತಿರ್ತಾರೆ, ಬೆಸ ಸಲ ಒತ್ತಿದ್ದು ಮಾತ್ರ ಉರೀತಿರತ್ತೆ.

ಎಲ್ಲಾ ಸಿಕ್ತಾ ಅನ್ನೋದಕ್ಕೆ ಇನ್ನೊಂದು ತಾಳೆ ಇದೆ, ಇದು ನನಗೆ ಇನ್ನೂ ಇಷ್ಟ. ಸಂಖ್ಯೆಯನ್ನ ಅವಿಭಾಜ್ಯಗಳಾಗಿ, ಅಂದ್ರೆ 1 ಮತ್ತೆ ತಾನು ಬಿಟ್ರೆ ಬೇರೆ ಅಪವರ್ತನ ಇಲ್ಲದ 2, 3, 5, 7 ತರಹದ ಸಂಖ್ಯೆಗಳಾಗಿ, ಪೂರ್ತಿ ಒಡೆದುಬಿಡೋದು. 84 ಅಂದ್ರೆ 2×2×3×7. ಈಗ 84ರ ಯಾವ ಅಪವರ್ತನ ತಗೊಂಡ್ರೂ ಅದು ಈ ನಾಲ್ಕು ತುಂಡಲ್ಲೇ ಕೆಲವನ್ನ ಆರಿಸಿ ಗುಣಿಸಿದ್ದಾಗಿರಬೇಕು, ಹೊರಗಿನಿಂದ ಏನೂ ಬರೋಕಾಗಲ್ಲ. 2ನ್ನ ತಗೊಳ್ಳದೇ ಇರಬಹುದು, ಒಂದು ತಗೋಬಹುದು, ಎರಡೂ ತಗೋಬಹುದು, ಮೂರು ದಾರಿ. 3 ತಗೋ ಅಥವಾ ಬಿಡು, ಎರಡು ದಾರಿ. 7ಕ್ಕೂ ಹಂಗೇ ಎರಡು. 3×2×2, ಒಟ್ಟು 12. ಪಟ್ಟೀಲಿ 12 ಇದ್ಯಾ, ಇದೆ, ಮುಗೀತು. ಒಂದೂ ಅಪವರ್ತನ ಬರೀದೇನೇ ಎಷ್ಟಿರಬೇಕು ಅಂತ ಮೊದಲೇ ಗೊತ್ತಾಗೋದು ಅಂದ್ರೆ ಎಂಥ ನೆಮ್ಮದಿ ಗೊತ್ತಾ. 360ಕ್ಕೆ ಮೂರು 2, ಎರಡು 3, ಒಂದು 5, ಹಂಗಾಗಿ 4×3×2, 24 ಅಪವರ್ತನ. 5040ಕ್ಕೆ 60.

ಇಲ್ಲಿ ರಾಮಾನುಜನ್ ನೆನಪು ಬರದೇ ಇರಲ್ಲ. ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನ ಇರೋ ಸಂಖ್ಯೆಗಳು ಇದಾವಲ್ಲ, 12, 24, 36, 48, 60, 120 ಹೀಗೆ, 360 ಮತ್ತೆ 5040 ಕೂಡ ಅದೇ ಗುಂಪು, ಅವುಗಳ ಮೇಲೆ ಅವರು 1915ರಲ್ಲಿ ದೊಡ್ಡ ಪ್ರಬಂಧ ಬರೆದ್ರು. (ನಮ್ಮ 84 ಆ ಗುಂಪಲ್ಲಿಲ್ಲ, ಅದರ 12 ಅಪವರ್ತನ 60ಕ್ಕೇ ಬಂದುಬಿಟ್ಟಿದೆ.) ಆ ಪ್ರಬಂಧದಲ್ಲಿ ಅಂಥ ಸಂಖ್ಯೆಗಳ ಒಂದು ಉದ್ದ ಪಟ್ಟಿ ಇದೆ, ಕೈಯಲ್ಲೇ ಲೆಕ್ಕ ಮಾಡಿದ್ದು, ಲಕ್ಷ ಕೋಟಿ ದಾಟಿ ಹೋಗತ್ತೆ. ಅದರಲ್ಲಿ ಒಂದೇ ಒಂದು ಬಿಟ್ಟೋಗಿದೆ, 293318625600. ಆ ಸಂಖ್ಯೆಗೆ ಎಷ್ಟು ಅಪವರ್ತನ ಅಂತ ಒಂದ್ಸಲ ಕೂತು ಲೆಕ್ಕ ಹಾಕಿದೆ, ಆರು 2, ನಾಲ್ಕು 3, ಎರಡು 5, ಎರಡು 7, ಆಮೇಲೆ 11, 13, 17, 19 ಒಂದೊಂದು, ಅಂದ್ರೆ 7×5×3×3×2×2×2×2, ಬಂದಿದ್ದು 5040. ಅದೇ 5040! ಸುಮ್ಮನೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನೋಡ್ತಾ ಕೂತಿದ್ದೆ ಅವತ್ತು. ಎಲ್ಲಾ ಸಿಕ್ತಾ ಅನ್ನೋ ಪ್ರಶ್ನೆ ಅಷ್ಟು ದೊಡ್ಡವರಿಗೂ ಅಷ್ಟೇ ಕಷ್ಟದ್ದು.

ಸರಿ, ಈಗ ಈ ಬ್ಲಾಗ್ ಬರೆಯೋಕೆ ನಿಜವಾದ ಕಾರಣಕ್ಕೆ ಬರ್ತೀನಿ.

ನನಗೆ ಚಿಕ್ಕವಳಿದ್ದಾಗಿಂದ ಒಂದು ಅಭ್ಯಾಸ, ರಸ್ತೇಲಿ ಹೋಗೋವಾಗ ಮುಂದಿನ ಗಾಡಿಯ ನಾಲ್ಕಂಕಿ ನಂಬರನ್ನ ಒಡೆಯೋದು. ನಾಲ್ಕಂಕಿ ಸಂಖ್ಯೆ ಎಷ್ಟೇ ದೊಡ್ಡದಾದ್ರೂ 9999, ಅದರ ವರ್ಗಮೂಲ 100ರ ಒಳಗೆ, ಮತ್ತೆ 100ರ ಒಳಗೆ ಇರೋ ಅವಿಭಾಜ್ಯಗಳು 25 ಮಾತ್ರ. ಅಂದ್ರೆ 25 ಪ್ರಶ್ನೆ ಕೇಳಿದ್ರೆ ಯಾವ ಗಾಡಿ ನಂಬರಾದ್ರೂ ತನ್ನ ಗುಟ್ಟು ಬಿಟ್ಟುಕೊಡಲೇಬೇಕು. ಸಂಯುಕ್ತ ಸಂಖ್ಯೆಗಳಿಂದ ಭಾಗಿಸೋ ಅಗತ್ಯಾನೇ ಇಲ್ಲ, 2 ಭಾಗ ಹೋಗದೇ ಇದ್ದಿದ್ದಕ್ಕೆ 4, 6, 8 ಎಲ್ಲಿಂದ ಹೋಗತ್ತೆ.

ಅವಳನ್ನ ವಾಪಸ್ ಬಿಡೋಕೆ ಹೋಗೋ ದಿನ ಮುಂದೆ ಒಂದು ಗಾಡಿ, 8633. ನಾನು ಕಾರಿನ ಹಿಂದಿನ ಸೀಟಲ್ಲಿ ಅವಳ ಪಕ್ಕ ಕೂತಿದ್ದೆ, ನೋಡು ಹೆಂಗೆ ಮಾಡ್ತೀನಿ ಅಂತ ಜೋರಾಗಿ ಹೇಳ್ಕೊಂಡು ಶುರು ಮಾಡಿದೆ. ಬೆಸ, ಹಂಗಾಗಿ 2 ಇಲ್ಲ. ಅಂಕಿಗಳನ್ನ ಕೂಡಿದ್ರೆ 8+6+3+3, 20, ಹಂಗಾಗಿ 3 ಇಲ್ಲ. ಕೊನೇಲಿ 0 ಅಥವಾ 5 ಇಲ್ಲ, 5 ಹೋಯ್ತು. ಆಮೇಲೆ 7, 11, 13 ಈ ಮೂರಕ್ಕೂ ಸೇರಿ ಒಂದೇ ಏಟು. 7×11×13 ಅಂದ್ರೆ 1001, ಆದ್ದರಿಂದ 8633ರಲ್ಲಿ ಎಂಟು 1001 ತೆಗೆದ್ರೆ, ಅಂದ್ರೆ 633ರಿಂದ 8 ಕಳೆದ್ರೆ, 625 ಉಳಿಯತ್ತೆ, 8633ಕ್ಕೆ 7 ಹೋಗತ್ತೆ ಅಂದ್ರೆ 625ಕ್ಕೂ ಹೋಗಬೇಕು, 11ಕ್ಕೂ 13ಕ್ಕೂ ಅದೇ ಮಾತು. 625ರಲ್ಲಿ ಇರೋದು ನಾಲ್ಕು 5 ಮಾತ್ರ. ಮೂರೂ ಒಟ್ಟಿಗೆ ಹೊರಗೆ. (ಈ 1001 ಮಕ್ಕಳಿಗೆ ತೋರಿಸಿ, 358358 ತರಹ ಮೂರಂಕಿನ ಎರಡು ಸಲ ಬರೆದ ಯಾವ ಸಂಖ್ಯೆಯಾದ್ರೂ 7, 11, 13 ಮೂರರಿಂದಲೂ ಭಾಗ ಹೋಗತ್ತೆ ಯಾಕಂದ್ರೆ ಅದು 358×1001, ಅವರ ಮುಖ ನೋಡಬೇಕು.)

17ರಿಂದ ಮುಂದೆ ನಾನು ಭಾಗಾಕಾರ ಮಾಡಲ್ಲ, ಸೊನ್ನೆ ಕೀಳ್ತೀನಿ. 8633ಕ್ಕೆ 17 ಕೂಡಿಸಿದ್ರೆ 8650, ಕೊನೆಯ ಸೊನ್ನೆ ಕಿತ್ತಾಕು, 865. ಅದರಲ್ಲಿ 85, ಅಂದ್ರೆ 17 ಐದ್ಲಿ, ಕಳೆದ್ರೆ 780, ಸೊನ್ನೆ ಕಿತ್ತಾಕು, 78. 17ರ ಮಗ್ಗೀಲಿ 78 ಇಲ್ಲ, ಮುಗೀತು. 10ರಲ್ಲಿ 2 ಮತ್ತೆ 5 ಬಿಟ್ರೆ ಬೇರೆ ಅವಿಭಾಜ್ಯ ಇಲ್ವಲ್ಲ, ಹಂಗಾಗಿ ಸೊನ್ನೆ ಕಿತ್ತಾಕಿದ್ರೆ 17ರ ವಿಷಯದಲ್ಲಿ ಏನೂ ಬದಲಾಗಲ್ಲ. 19ಕ್ಕೆ 133 ಕಳೆದ್ರೆ 8500, 85, ಇಲ್ಲ. 23ಕ್ಕೆ ಬರೀ 23 ಕಳೆದ್ರೆ 8610, 861, ಅದರಲ್ಲಿ 161 ಕಳೆದ್ರೆ 700, ಅಂದ್ರೆ 7, ಇಲ್ಲ. ಹೀಗೇ 29, 31, 37 ಅಂತ ಒಂದೊಂದೇ ದಾಟ್ಕೊಂಡು, ನಡುವೆ ಎರಡು ಸಲ ಲೆಕ್ಕ ತಪ್ಪಿ ಮತ್ತೆ ಮಾಡ್ಕೊಂಡು, 79 ಆಯ್ತು, 83 ಆಯ್ತು, ಯಾವುದೂ ಹೋಗಲಿಲ್ಲ. 8633 ಅವಿಭಾಜ್ಯ ಪುಟ್ಟಿ ಅಂದೆ.

"ಎಲ್ಲೀ ತನಕ ನೋಡಿದೆ?"

83ರ ತನಕ.

"83ನ 83ರಿಂದ ಗುಣಿಸಿದ್ರೆ ಎಷ್ಟು?"

6889 ಅಂದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಅದು ಇನ್ನೂ 8633 ಆಗಿಲ್ವಲ್ಲ ಚಿಕ್ಕಮ್ಮ" ಅಂದ್ಲು.

ಹೌದು, ಆಗಿಲ್ಲ. ವರ್ಗಮೂಲ 85ರ ಹತ್ತಿರ ಇರತ್ತೆ ಅಂತ ನಾನು ಅಂದಾಜಲ್ಲೇ ಇಟ್ಕೊಂಡಿದ್ದೆ, ತಾಳೆ ನೋಡಿರಲಿಲ್ಲ. 92ರ ವರ್ಗ 8464, 93ರ ವರ್ಗ 8649, ಅಂದ್ರೆ 92ರ ತನಕ ಹೋಗಬೇಕಿತ್ತು, 83 ಆದ್ಮೇಲೆ 92ರ ಒಳಗೆ ಇನ್ನೊಂದೇ ಒಂದು ಅವಿಭಾಜ್ಯ ಬಾಕಿ ಇತ್ತು, 89. ಮಾಡಿದೆ. 89 ಮೂರ್ಲಿ 267, 8633ಕ್ಕೆ 267 ಕೂಡಿಸಿದ್ರೆ 8900. ಸೊನ್ನೆ ಎರಡು ಕಿತ್ತಾಕಿದ್ರೆ 89. ಭಾಗ ಹೋಗತ್ತೆ! 8633 ಅಂದ್ರೆ 89×97. ಇಪ್ಪತ್ತಮೂರು ಅವಿಭಾಜ್ಯ ಸರಿಯಾಗಿ ನೋಡಿ, ಇಪ್ಪತ್ತನಾಲ್ಕನೇದರ ಹತ್ತಿರ ನಿಲ್ಲಿಸಿಬಿಟ್ಟಿದ್ದೆ, ಇದ್ದಿದ್ದು ಅಲ್ಲೇ. ಮೂರು ದಿನದ ಹಿಂದೆ ನಾನೇ ಹೇಳಿಕೊಟ್ಟ ಮಾತನ್ನ ಅವಳು ನನಗಿಂತ ಗಟ್ಟಿಯಾಗಿ ಹಿಡ್ಕೊಂಡಿದ್ಲು. ನನಗೆ ಅವತ್ತು ಆದ ಖುಷಿ ಹೇಳೋಕೆ ಆಗಲ್ಲ.

ರಾತ್ರಿ ವಾಪಸ್ ಬಂದ ಮೇಲೂ 8633 ತಲೇಲೇ ಇತ್ತು. 93ರ ವರ್ಗ 8649 ಅಂತ ಕಾರಲ್ಲೇ ಬಾಯಲ್ಲಿ ಬಂದಿತ್ತಲ್ಲ, ಅದಕ್ಕೂ 8633ಕ್ಕೂ ವ್ಯತ್ಯಾಸ ಎಷ್ಟು ಅಂತ ನೋಡಿದ್ರೆ 16. ಅಂದ್ರೆ 4ರ ವರ್ಗ. 8633 ಅಂದ್ರೆ 93ರ ವರ್ಗ ಮೈನಸ್ 4ರ ವರ್ಗ, ಹಂಗಂದ್ರೆ 93−4 ಇಂಟು 93+4, 89 ಇಂಟು 97. ಹೈಸ್ಕೂಲಲ್ಲಿ ಎಲ್ಲರೂ ಬಾಯಿಪಾಠ ಮಾಡಿರೋ ಸೂತ್ರ ಇದು, ಎ ವರ್ಗ ಮೈನಸ್ ಬಿ ವರ್ಗ. ಕೆಳಗಿನಿಂದ 2, 3, 5 ಅಂತ ಹತ್ತಿಕೊಂಡು ಬಂದ್ರೆ 24ನೇ ಪ್ರಯತ್ನಕ್ಕೆ ಸಿಗೋದು ವರ್ಗಮೂಲದ ಹತ್ತಿರದಿಂದ ಶುರು ಮಾಡಿದ್ರೆ ಮೊದಲನೇ ಪ್ರಯತ್ನಕ್ಕೇ ಸಿಕ್ತು.

ಇದು ಯಾವಾಗಲೂ ನಡೆಯೋ ಉಪಾಯ. ಬೆಸ ಸಂಖ್ಯೆ ಯಾವುದಾದ್ರೂ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ರೆ ಆ ಎರಡರ ಸರಿ ನಡುವೆ ಒಂದು ಪೂರ್ಣಸಂಖ್ಯೆ ಇರತ್ತೆ, ಆ ನಡುವಿನ ಸಂಖ್ಯೆಯ ವರ್ಗದಿಂದ ನಮ್ಮ ಸಂಖ್ಯೆ ಕಳೆದ್ರೆ ಇನ್ನೊಂದು ವರ್ಗ ಉಳಿಯಲೇಬೇಕು. ನಾವು ಮಾಡಬೇಕಾಗಿದ್ದು ವರ್ಗಮೂಲದ ಪಕ್ಕದ ದೊಡ್ಡ ಸಂಖ್ಯೆಯಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸ್ತಾ, ಉಳಿದಿದ್ದು ವರ್ಗಾನಾ ಅಲ್ವಾ ಅಂತ ನೋಡೋದು. ಫ್ರೆಂಚ್ ಗಣಿತಜ್ಞ ಫರ್ಮಾ 1643ರಲ್ಲಿ ಇದನ್ನ ಒಂದು ಪತ್ರದಲ್ಲಿ ಬರೆದು 2027651281ನ್ನ ಒಡೆದು ತೋರಿಸಿದ, 44021×46061, ಹನ್ನೆರಡೇ ಸ್ಟೆಪ್ಪು. ಅದಕ್ಕೂ ಮುಂಚೆ, 1356ರಲ್ಲಿ, ನಾರಾಯಣ ಪಂಡಿತ ತನ್ನ ಗಣಿತಕೌಮುದಿಯಲ್ಲಿ ಭಾಜಕಗಳನ್ನ ಹುಡುಕೋದಕ್ಕೆ ಅಂತಲೇ ಒಂದು ಅಧ್ಯಾಯ ಇಟ್ಟಿದಾನೆ, ವರ್ಗಗಳ ವ್ಯತ್ಯಾಸದ ಈ ದಾರಿ ಅಲ್ಲೂ ಇದೆ. ಸುಮಾರು 287 ವರ್ಷ ಮುಂಚೆ! ಶಾಲೇಲಿ ಈ ಹೆಸರು ಒಂದ್ಸಲನಾದ್ರೂ ಕೇಳಬೇಕಿತ್ತು ಅನ್ಸತ್ತೆ ನನಗೆ.

ಆದ್ರೆ ಇದನ್ನ ಓದಿ ಇನ್ಮೇಲೆ ಇದೊಂದೇ ಸಾಕು ಅಂದ್ಕೋಬೇಡಿ. 8633ಕ್ಕೆ ನಾಲ್ಕು ಕೂಡಿಸಿ, 8637. ಅಂಕಿ ಕೂಡಿದ್ರೆ 24, 3 ಹೋಗತ್ತೆ, 3×2879, ಕೆಳಗಿನಿಂದ ಬಂದವರಿಗೆ ಎರಡನೇ ಪ್ರಶ್ನೆಗೇ ಸಿಕ್ತು. ಅದೇ ನಡುವಿನಿಂದ ಹುಡುಕೋಕೆ ಹೋದ್ರೆ 3ಕ್ಕೂ 2879ಕ್ಕೂ ನಡುವಿನ ಸಂಖ್ಯೆ 1441, ಶುರು ಮಾಡಿದ್ದು 93ರಿಂದ, 1349 ಸಲ ನೋಡಬೇಕಾಗತ್ತೆ. ಪಕ್ಕಪಕ್ಕದ ಎರಡು ಗಾಡಿ ನಂಬರ್, ಒಂದಕ್ಕೆ ಈ ದಾರಿ ಸಲೀಸು, ಇನ್ನೊಂದಕ್ಕೆ ಆ ದಾರಿ. ಜೋಡಿ ಹತ್ತಿರ ಹತ್ತಿರ ಇದ್ರೆ ನಡುವಿನಿಂದ, ದೂರ ದೂರ ಇದ್ರೆ ಕೆಳಗಿನಿಂದ. ತೊಂದರೆ ಏನಂದ್ರೆ ಹತ್ತಿರ ಇದ್ಯಾ ದೂರ ಇದ್ಯಾ ಅಂತ ಗೊತ್ತಾಗೋದು ಸಿಕ್ಕ ಮೇಲೇ.

ಇದೇ ತೊಂದರೆ ಮೇಲೆ ಒಬ್ಬರು ಸವಾಲು ಹಾಕಿದ್ರು. ವಿಲಿಯಂ ಸ್ಟ್ಯಾನ್ಲಿ ಜೆವನ್ಸ್, ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ, ತರ್ಕಶಾಸ್ತ್ರನೂ ಬರೀತಿದ್ದವರು. 1874ರ ತಮ್ಮ ಪುಸ್ತಕದಲ್ಲಿ ಗುಣಿಸೋದು ಸುಲಭ, ಗುಣಿಸಿದ್ದನ್ನ ವಾಪಸ್ ಬಿಡಿಸೋದು ಕಷ್ಟ ಅನ್ನೋದಕ್ಕೆ ಉದಾಹರಣೆಯಾಗಿ 8616460799 ಅನ್ನೋ ಸಂಖ್ಯೆ ಕೊಟ್ಟು, ಇದು ಯಾವ ಎರಡು ಸಂಖ್ಯೆಯಿಂದ ಬಂತು ಅಂತ ನನ್ನ ಬಿಟ್ಟು ಬೇರೆ ಯಾರಿಗೂ ಗೊತ್ತಾಗೋದು ಅನುಮಾನ ಅನ್ನೋ ಅರ್ಥದಲ್ಲಿ ಬರೆದ್ರು. ಕೆಳಗಿನಿಂದ ಹೋದ್ರೆ ಅವರ ಮಾತು ಒಪ್ಪಲೇಬೇಕು, ಎಂಟು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾಗತ್ತೆ, ಕೈಯಲ್ಲಿ ಯಾರು ಮಾಡ್ತಾರೆ. ನಾನು ನಡುವಿನಿಂದ ಮಾಡಿದೆ. ವರ್ಗಮೂಲ 92824 ದಾಟತ್ತೆ, ಹಂಗಾಗಿ 92825ರಿಂದ ಶುರು. ಒಂದೊಂದೇ ಹೆಚ್ಚಿಸ್ತಾ, ಪ್ರತಿ ಸಲ ಉಳಿದಿದ್ದರ ಕೊನೆಯ ಎರಡಂಕಿ ನೋಡ್ತಾ (ವರ್ಗಗಳ ಕೊನೆಯ ಎರಡಂಕಿ 22 ಮಾತ್ರ ಸಾಧ್ಯ, ಹಂಗಾಗಿ ಹೆಚ್ಚಿನವು ನೋಡಿದ ತಕ್ಷಣ ಹೊರಗೆ), 92880ರ ಹತ್ತಿರ ಬಂದಾಗ ಉಳಿದಿದ್ದು 10233601, ಅದು 3199ರ ವರ್ಗ. 56ನೇ ಪ್ರಯತ್ನ! 92880−3199 ಅಂದ್ರೆ 89681, 92880+3199 ಅಂದ್ರೆ 96079. ಎರಡು ಸಂಜೆ, ಒಂದು ನೋಟ್‌ಬುಕ್ಕು, ಗುಣಾಕಾರ ತಾಳೆ ನೋಡೋಕೆ ಮಾತ್ರ ಫೋನು. ಜೆವನ್ಸ್ ಹೇಳಿದ ಮುಖ್ಯ ಮಾತು ಸರೀನೇ ಇತ್ತು, ಅವರು ಆರಿಸಿದ ಎರಡು ಸಂಖ್ಯೆ ಒಂದಕ್ಕೊಂದು ಹತ್ತಿರ ಇದ್ವು ಅಷ್ಟೇ, ಆ ಮೂಲೆಯಿಂದ ಯಾರಾದ್ರೂ ಬರ್ತಾರೆ ಅಂತ ಅವರು ಎಣಿಸಿರಲಿಲ್ಲ ಅನ್ಸತ್ತೆ.

ಅವರ ಮುಖ್ಯ ಮಾತು ಎಷ್ಟು ಸರಿ ಅಂದ್ರೆ ನೂರು ವರ್ಷ ಆದ್ಮೇಲೆ, 1977ರಲ್ಲಿ, ರಿವೆಸ್ಟ್, ಶಮೀರ್, ಏಡಲ್‌ಮನ್ ಅದರ ಮೇಲೇ ಆರ್‌ಎಸ್‌ಎ ಅನ್ನೋ ಗುಪ್ತಲಿಪಿ ಕಟ್ಟಿದ್ರು. ಎರಡು ದೊಡ್ಡ ಅವಿಭಾಜ್ಯ ಗುಣಿಸಿ ಬಂದಿದ್ದನ್ನ ಊರಿಗೆಲ್ಲಾ ಹೇಳಬಹುದು, ಅಪವರ್ತನ ಮಾತ್ರ ನಮ್ಮ ಹತ್ರ. ಆವಾಗ ಅವರು ಸವಾಲಾಗಿ ಕೊಟ್ಟ 129 ಅಂಕಿಯ ಸಂಖ್ಯೆ ಒಡೆದಿದ್ದು 1994ರಲ್ಲಿ, ನೂರಾರು ಜನ ತಮ್ಮ ತಮ್ಮ ಕಂಪ್ಯೂಟರ್ ಕೊಟ್ಟು ಸೇರಿಕೊಂಡು. 250 ಅಂಕಿಯ ಇನ್ನೊಂದನ್ನ 2020ರ ಫೆಬ್ರವರಿಯಲ್ಲಿ ಒಡೆದ್ರು, ಒಂದೇ ಒಂದು ಪ್ರೊಸೆಸರ್ ಕೋರ್ ಕೂತು ಮಾಡಿದ್ರೆ ಸುಮಾರು 2700 ವರ್ಷ ಬೇಕಾಗೋ ಕೆಲಸ. ಯೋಚನೆ ಮಾಡಿ, ಆ ಸಂಖ್ಯೆಗೆ ಇರೋದು ನಾಲ್ಕೇ ಅಪವರ್ತನ. 1 ಒಂದು, ಅದೇ ಸಂಖ್ಯೆ ಒಂದು, ಎರಡಂತೂ ಮೊದಲೇ ಕೈಯಲ್ಲಿದೆ, ಉಳಿದ ಒಂದು ಜೋಡಿಗೆ ಅಷ್ಟು ಕೆಲಸ. ನಮ್ಮ 84ಕ್ಕೆ ಹನ್ನೆರಡು, ಐದು ನಿಮಿಷ.

ಮತ್ತೆ ಆರ್‌ಎಸ್‌ಎ ಮಾಡೋವಾಗ ಆ ಎರಡು ಅವಿಭಾಜ್ಯ ತೀರಾ ಹತ್ತಿರ ಇರಬಾರದು ಅಂತ ಒಂದು ನಿಯಮ ಇದೆ, ಯಾಕೆ ಅಂತ ಈಗ ನಿಮಗೇ ಗೊತ್ತು. 2022ರಲ್ಲಿ ಕೆಲವು ಪ್ರಿಂಟರ್‌ಗಳು ತಯಾರಿಸ್ತಿದ್ದ ಕೀಗಳಲ್ಲಿ, ಅಂದ್ರೆ ಹೀಗೆ ಎರಡು ಅವಿಭಾಜ್ಯ ಗುಣಿಸಿ ಮಾಡಿದ ಸಂಖ್ಯೆಗಳಲ್ಲಿ, ಈ ನಿಯಮ ತಪ್ಪಿತ್ತು ಅಂತ ಒಬ್ಬ ಸಂಶೋಧಕರು ಕಂಡುಹಿಡಿದ್ರು. ನೂರಾರು ಅಂಕಿಯ ಸಂಖ್ಯೆಗಳು ಅವು, ಎರಡು ಅವಿಭಾಜ್ಯನೂ ಪಕ್ಕಪಕ್ಕದಲ್ಲೇ ಇದ್ದಿದ್ದಕ್ಕೆ ಫರ್ಮಾನ 1643ರ ಉಪಾಯಕ್ಕೆ ಕ್ಷಣದಲ್ಲಿ ಒಡೆದುಹೋದ್ವು. ಅದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ನಿಜವಾಗಲೂ.

ಇನ್ನೊಂದು ವಿಷಯ ಹೇಳದೇ ಬಿಟ್ರೆ ಮನಸ್ಸಿಗೆ ಸಮಾಧಾನ ಆಗಲ್ಲ. ಎಲ್ಲಾ ಸಿಕ್ತಾ ಅನ್ನೋ ಪ್ರಶ್ನೆಗೆ ಒಂದು ವಿಚಿತ್ರ ಉಲ್ಟಾ ರೂಪ ಇದೆ, ಅಪವರ್ತನ ಇದೆ ಅಂತ ಖಂಡಿತ ಗೊತ್ತು, ಆದ್ರೆ ಒಂದೂ ಸಿಕ್ಕಿಲ್ಲ. 2ನ್ನ 67 ಸಲ ಇಟ್ಟು ಗುಣಿಸಿ 1 ಕಳೆದ್ರೆ ಬರೋ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಫ್ರೆಂಚ್ ಗಣಿತಜ್ಞ ಲ್ಯೂಕಾಸ್ 1876ರಲ್ಲೇ ತೋರಿಸಿದ್ದ, ಭಾಗಿಸದೇನೇ, ಅಪವರ್ತನ ಯಾವುದು ಅಂತ ಹೇಳದೇನೇ. ಅದು ಸಿಕ್ಕಿದ್ದು 1903ರಲ್ಲಿ, ಫ್ರ್ಯಾಂಕ್ ನೆಲ್ಸನ್ ಕೋಲ್ ಅನ್ನೋರಿಗೆ, 193707721×761838257287. ಸಭೇಲಿ ಅವರು ಒಂದು ಮಾತೂ ಆಡದೆ ಬೋರ್ಡ್ ಮೇಲೆ ಗುಣಿಸಿ ತೋರಿಸಿ ಹೋಗಿ ಕೂತ್ರು ಅಂತ ಹೇಳ್ತಾರೆ. ಗುಣಿಸಿ ತೋರಿಸೋಕೆ ಒಂದು ಬೋರ್ಡ್ ಸಾಕಾಯ್ತು, ಹುಡುಕೋಕೆ ಲ್ಯೂಕಾಸ್ ಆದ್ಮೇಲೆ ಇಪ್ಪತ್ತೇಳು ವರ್ಷ ಹೋಯ್ತು. ಅವಿಭಾಜ್ಯ ಹೌದಾ ಅಲ್ವಾ ಅಂತ ಹೇಳೋದು ಬೇರೆ, ಒಡೆಯೋದು ಬೇರೆ, ಮೊದಲನೇದಕ್ಕೆ 2002ರಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಮೂರು ಜನ ಸೇರಿ ಯಾವ ಸಂಖ್ಯೆಗಾದ್ರೂ ನಡೆಯೋ, ಸಂಖ್ಯೆ ಬೆಳೆದ ಹಾಗೆ ಸಮಯ ಕೈಮೀರಿ ಹೋಗದ ವಿಧಾನ ಕೊಟ್ರು. ಎರಡನೇದಕ್ಕೆ ನಾವು ಬಳಸೋ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಓಡೋ ಅಂಥದ್ದು ಇನ್ನೂ ಯಾರ ಹತ್ರನೂ ಇಲ್ಲ.

ಇದನ್ನೆಲ್ಲಾ ಅವಳಿಗೆ ಹೇಳಿಲ್ಲ, ಹೇಳ್ತೀನಿ ಮುಂದೆ. ಹೇಳಿದ್ದು 8633 ನಡುವಿನಿಂದ ಹೆಂಗೆ ಒಡೀತು ಅನ್ನೋದು ಮಾತ್ರ, ಫೋನಲ್ಲಿ, ಅದನ್ನೂ ಎರಡು ಸಲ ಹೇಳಿಸಿಕೊಂಡ್ಲು.

ಮೊನ್ನೆ ಅಕ್ಕನ ಫೋನಿಂದ ಒಂದು ವಾಯ್ಸ್ ಮೆಸೇಜ್ ಬಂತು, ಹಿಂದೆ ಟ್ರಾಫಿಕ್ ಶಬ್ದ. "ಚಿಕ್ಕಮ್ಮ, ಮುಂದಿನ ಗಾಡಿ 7387. 86ರ ವರ್ಗ 7396, ಅದರಲ್ಲಿ 9 ಕಳೆದ್ರೆ ಇದೇ ಬರತ್ತೆ. ಹಂಗಾಗಿ 83 ಇಂಟು 89. 83ಕ್ಕೂ 89ಕ್ಕೂ 2, 3, 5, 7 ನಾಲ್ಕೂ ನೋಡಿದೆ, ಯಾವುದೂ ಹೋಗಲ್ಲ, 10 ಹತ್ಲಿ ನೂರು ಆಗೋಗತ್ತೆ ಅಲ್ವಾ, ಮುಂದೆ ನೋಡೋದು ಬೇಡ. ಅಂದ್ರೆ 1, 83, 89, 7387, ನಾಲ್ಕೇ. ಎಲ್ಲಾ ಸಿಕ್ತು."